60 ಸಾವಿರ ಕೊಟ್ಟರೆ ಕೆಲಸ ಕೊಡಿಸ್ತಾರಂತೆ, ಕೊಡಲಾ?

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯವನು. ಬಿ.ಕಾಂ ಮುಗಿದು ಒಂದು ವರ್ಷವಾಯಿತು. ಆರು ತಿಂಗಳಿಂದ ಬೆಂಗಳೂರಿನ ಪಿಜಿಯಲ್ಲಿದ್ದೇನೆ. ನೌಕ್ರಿ ವೆಬ್‌ಸೈಟಿನಲ್ಲಿ ಇನ್ನೂರಕ್ಕೂ ಜಾಸ್ತಿ ಅರ್ಜಿ ಹಾಕಿದ್ದೇನೆ, ಫೋನ್ ಬಂದಿದ್ದು ಎರಡೇ, ಅವೂ ಸೇಲ್ಸ್ ಕೆಲಸಕ್ಕೆ. ಈಗ ಒಂದು ಕನ್ಸಲ್ಟೆನ್ಸಿಯವರು 60 ಸಾವಿರ ಕೊಟ್ಟರೆ ಎರಡು ವರ್ಷದ ಅನುಭವದ ಪತ್ರ ಮಾಡಿಸಿ ದೊಡ್ಡ ಕಂಪನಿಗೆ ಸೇರಿಸ್ತೀವಿ ಅಂತಿದ್ದಾರೆ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡು ಕೊಡಲು ಒಪ್ಪಿದ್ದಾರೆ. ಕೊಡಲಾ?

ಉತ್ತರ: ಬೇಡ. ಒಂದು ರೂಪಾಯಿಯೂ ಕೊಡಬೇಡಿ.

ನೇಮಕಾತಿ ಕೆಲಸದಲ್ಲಿ ಹಲವು ವರ್ಷ ಕಳೆದಿದ್ದೇನೆ, ಹಾಗಾಗಿ ಈ ಪತ್ರಗಳು ಹೇಗೆ ಸಿಕ್ಕಿಬೀಳುತ್ತವೆ ಅಂತ ಗೊತ್ತು. ನಿಮ್ಮದೇ ಲೆಕ್ಕ ನೋಡಿ. ಡಿಗ್ರಿ ಮುಗಿದು ಒಂದು ವರ್ಷ, ಅನುಭವ ಎರಡು ವರ್ಷ. ಅಂದರೆ ಕೊನೆಯ ವರ್ಷದ ಕ್ಲಾಸಿನಲ್ಲಿ ಕೂತಿದ್ದಾಗಲೇ ನೀವು ಬೆಂಗಳೂರಿನಲ್ಲಿ ಪೂರ್ತಿ ದಿನದ ಕೆಲಸ ಮಾಡುತ್ತಿದ್ದಿರಾ? ಮಾರ್ಕ್ಸ್ ಕಾರ್ಡಿನ ತಿಂಗಳು ನೋಡಿದರೇ ಸಾಕು, ಬೇರೆ ಪರೀಕ್ಷೆ ಬೇಡ. ಇನ್ನು ಸ್ವಲ್ಪ ದೊಡ್ಡ ಕಂಪನಿಯಾದರೆ ಸೇರಿಸಿಕೊಳ್ಳುವಾಗ ಪಿಎಫ್‌ನ ಯುಎಎನ್ ನಂಬರ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಕೇಳುತ್ತಾರೆ, ಅದರಲ್ಲಿ ಯಾವ ಕಂಪನಿ ಯಾವ ತಿಂಗಳು ಎಷ್ಟು ಕಟ್ಟಿದೆ ಅನ್ನೋದೆಲ್ಲ ಇರುತ್ತದೆ. ಸಂಬಳ ಜಮಾ ಆಗಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವವರೂ ಇದ್ದಾರೆ. ಈ ತಪಾಸಣೆ ಎಷ್ಟೋ ಸಲ ಸೇರಿದ ಮೇಲೆ ಮುಗಿಯುತ್ತದೆ. ಮೂರನೇ ತಿಂಗಳಲ್ಲಿ ಲ್ಯಾಪ್‌ಟಾಪ್ ಕೊಟ್ಟು ಹೊರಡಿ ಅನ್ನುತ್ತಾರೆ. ಆಗ ಆ ಕನ್ಸಲ್ಟೆನ್ಸಿಯವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ, ಅಪ್ಪನ ದುಡ್ಡು ವಾಪಸ್ ಬರುವುದಿಲ್ಲ.

ನಿಜವಾದ ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ, ಅಭ್ಯರ್ಥಿ ಅಲ್ಲ. ರಿಜಿಸ್ಟ್ರೇಷನ್, ಟ್ರೈನಿಂಗ್, ವಾಪಸ್ ಕೊಡುವ ಡೆಪಾಸಿಟ್, ಹೆಸರು ಏನೇ ಇರಲಿ, ಕೇಳಿದ ಕೂಡಲೇ ಎದ್ದು ಬನ್ನಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೂ ಅಷ್ಟೇ. ಈಗಾಗಲೇ ಆನ್‌ಲೈನಲ್ಲಿ ಸ್ವಲ್ಪ ಮುಂಗಡ ಕಳಿಸಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ತಡವಾದಷ್ಟೂ ದುಡ್ಡು ತಡೆಹಿಡಿಯುವುದು ಕಷ್ಟ.

ಸರಿ, ಹಾಗಾದರೆ ಇನ್ನೂರು ಅರ್ಜಿಗೆ ಯಾಕೆ ಉತ್ತರ ಬರಲಿಲ್ಲ? ನೀವು ಕಳಿಸಿದ ರೆಸ್ಯೂಮೆ ನೋಡಿದೆ. ಎರಡು ಪುಟ. ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಗುರಿ, ಕೆಳಗೆ ತಂದೆಯ ಹೆಸರು, ಧರ್ಮ, ಹವ್ಯಾಸ, ಕೊನೆಗೆ ‘ಮೇಲಿನದೆಲ್ಲ ಸತ್ಯ’ ಅನ್ನುವ ಘೋಷಣೆ. ನಿಮಗೆ ಏನು ಕೆಲಸ ಬರುತ್ತದೆ ಅನ್ನುವುದು ಒಂದೇ ಒಂದು ಪದದಲ್ಲಿದೆ: ಟ್ಯಾಲಿ, ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್. ಅದನ್ನು ಬಿಡಿಸಿ ಬರೆಯಿರಿ. ಟ್ಯಾಲಿಯಲ್ಲಿ ಏನು ಮಾಡಿದ್ದೀರಿ? ಖರೀದಿ, ಮಾರಾಟದ ಎಂಟ್ರಿ ಹಾಕಿದ್ದೀರಾ? ಬ್ಯಾಂಕ್ ಸ್ಟೇಟ್‌ಮೆಂಟಿಗೂ ಪುಸ್ತಕಕ್ಕೂ ತಾಳೆ ನೋಡಿದ್ದೀರಾ? ಜಿಎಸ್‌ಟಿಆರ್-1, 3ಬಿ ಅನ್ನುವ ಜಿಎಸ್‌ಟಿ ರಿಟರ್ನುಗಳಿಗೆ ಬೇಕಾದ ಲೆಕ್ಕ ತೆಗೆದಿದ್ದೀರಾ? ಮಾಡಿಲ್ಲ ಅಂದರೆ ಈ ವಾರವೇ ಊರಿನ ಪರಿಚಯದ ಅಂಗಡಿಯವರ ಒಂದು ತಿಂಗಳ ಬಿಲ್ಲುಗಳನ್ನು ಕೇಳಿ ಪಡೆದು, ಕೂತು ಮಾಡಿ. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ಒಂದು ಪುಟ ಸಾಕು. ನನ್ನಂಥವರು ಮೊದಲು ನೋಡುವುದು ಅದನ್ನೇ.

ಇನ್ನೊಂದು ಮಾತು, ಇದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಬಿ.ಕಾಂ ಮಾಡಿದವರಿಗೆ ಮೊದಲ ಕೆಲಸ ಕೊಡುವ ಎಷ್ಟೋ ಜಾಗಗಳು ನೌಕ್ರಿಯಲ್ಲಿ ಜಾಹೀರಾತನ್ನೇ ಹಾಕುವುದಿಲ್ಲ. ಪೀಣ್ಯದ ಸಣ್ಣ ಕಾರ್ಖಾನೆಗಳು, ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿಗಳು, ಬಡಾವಣೆಗಳಲ್ಲಿರುವ ಆಡಿಟರ್ ಆಫೀಸುಗಳು. ಇಲ್ಲಿ ಕೆಲಸ ಸಿಗುವುದು ಹೋಗಿ ಕೇಳಿದವರಿಗೆ, ಪರಿಚಯದವರು ಹೇಳಿ ಕಳಿಸಿದವರಿಗೆ. ಆಡಿಟರ್ ಆಫೀಸಿಗೆ ಹೋಗುವಾಗ ಮಾತ್ರ ದಿನ ನೋಡಿಕೊಂಡು ಹೋಗಿ. ತಿಂಗಳ 11 ಮತ್ತು 20ರ ಹತ್ತಿರ ಜಿಎಸ್‌ಟಿ ರಿಟರ್ನಿನ ಗಡುವು ಇರುತ್ತದೆ, ಆಗ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. 20 ದಾಟಿದ ಮೇಲೆ ಹೋಗಿ. ಸಂಬಳ ಶುರುವಿಗೆ ಕಡಿಮೆಯೇ ಇರುತ್ತದೆ, ಆದರೆ ಒಂದು ವರ್ಷ ಅಲ್ಲಿ ಕೂತರೆ ಹತ್ತಾರು ವ್ಯಾಪಾರಗಳ ಲೆಕ್ಕ ನಿಮ್ಮ ಕೈಯಲ್ಲೇ ಹಾದು ಹೋಗಿರುತ್ತದೆ, ಮುಂದಿನ ಇಂಟರ್‌ವ್ಯೂನಲ್ಲಿ ಯಾರು ಏನು ಕೇಳಿದರೂ ಉತ್ತರ ಇರುತ್ತದೆ.

ಪಿಜಿ ಬಾಡಿಗೆ ಭಾರವಾಗಿದ್ದರೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆ ನಿಮಗೆ ಅನ್ವಯಿಸುತ್ತದಾ ನೋಡಿ. ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3 ಸಾವಿರ, ಹೆಚ್ಚೆಂದರೆ 2 ವರ್ಷ. ಅರ್ಜಿ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಕೊನೆಯ ವರ್ಷದ ಬಿ.ಎ ಓದುತ್ತಿದ್ದೇನೆ. ಮೊದಲಿಂದ ಕನ್ನಡ ಮಾಧ್ಯಮ. ಕಾಲೇಜಿನ ಅಣಕು ಇಂಟರ್‌ವ್ಯೂನಲ್ಲಿ ಬಾಯಿಂದ ಮಾತೇ ಹೊರಡಲಿಲ್ಲ, ಅತ್ತುಬಿಟ್ಟೆ. ನನ್ನಂಥವರಿಗೆ ಕೆಲಸ ಇದೆಯಾ?

ಉತ್ತರ: ಇದೆ ತಂಗಿ. ನಿಮ್ಮ ಕನ್ನಡವನ್ನೇ ಕೇಳುವ ಕೆಲಸಗಳೂ ಇವೆ.

ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಹುದ್ದೆ ನೋಡಿ. ಯಾವುದೇ ಡಿಗ್ರಿ ಆಗುತ್ತದೆ, ಸ್ಥಳೀಯ ಭಾಷೆ ಬರಬೇಕು, ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಇಂಟರ್‌ವ್ಯೂ ಇಲ್ಲ. ಪ್ರಿಲಿಮ್ಸ್‌ನಲ್ಲಿ ಇರುವುದು ರೀಸನಿಂಗ್ ಮತ್ತು ಲೆಕ್ಕ ಮಾತ್ರ. ಮೇನ್ಸ್‌ನಲ್ಲಿ ಇಂಗ್ಲಿಷ್ ಅಥವಾ ಹಿಂದಿಯ ಒಂದು ಭಾಗ ಬರುತ್ತದೆ, ಅದಕ್ಕೆ ಈಗಿನಿಂದಲೇ ದಿನಕ್ಕೆ ಅರ್ಧ ಗಂಟೆ ಕೊಡಿ. ಲೆಕ್ಕ ಬಿಟ್ಟು ವರ್ಷಗಳಾಗಿದ್ದರೆ ಏಳನೇ ತರಗತಿಯ ಪುಸ್ತಕದಿಂದ ಶುರುಮಾಡಿ, ಅದರಲ್ಲಿ ಅವಮಾನ ಏನೂ ಇಲ್ಲ. ಬ್ಯಾಂಕುಗಳು ಪದವೀಧರರನ್ನು ಅಪ್ರೆಂಟಿಸ್ ಆಗಿಯೂ ತೆಗೆದುಕೊಳ್ಳುತ್ತವೆ. ಕೆನರಾ ಬ್ಯಾಂಕ್ 2024ರಲ್ಲಿ ದೇಶದಾದ್ಯಂತ 3,000 ಜನರಿಗೆ ಅರ್ಜಿ ಕರೆದಿತ್ತು, ತಿಂಗಳಿಗೆ 15 ಸಾವಿರ ಸ್ಟೈಪೆಂಡ್. ಅಪ್ರೆಂಟಿಸ್ ಅಂದರೆ ಒಂದು ವರ್ಷದ ತರಬೇತಿ, ಖಾಯಂ ಕೆಲಸದ ಭರವಸೆ ಅಲ್ಲ, ಅದನ್ನು ತಿಳಿದೇ ಸೇರಿ.

ಅಳು ಬಂದ ವಿಷಯ. ನೀವು ‘ಸೆಲ್ಫ್ ಇಂಟ್ರೊಡಕ್ಷನ್’ ಅನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದಿರಿ ಅಲ್ವಾ? ಮಧ್ಯದ ಒಂದು ಪದ ಮರೆತರೆ ಮುಂದಿನದೆಲ್ಲ ನಿಂತುಹೋಗುತ್ತದೆ. ಅದರ ಬದಲು, ಕಾಲೇಜಿನಲ್ಲಿ ನೀವು ಮಾಡಿದ ಒಂದು ಕೆಲಸ ತಗೊಳ್ಳಿ, ಎನ್‌ಎಸ್‌ಎಸ್ ಶಿಬಿರ ಆಗಿರಲಿ, ಸಮೀಕ್ಷೆ ಆಗಿರಲಿ. ಅದನ್ನು ಮೊದಲು ಗೆಳತಿಗೆ ಕನ್ನಡದಲ್ಲಿ ಹೇಳಿ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ದಿನಾ ಎರಡು ನಿಮಿಷ. ಇಂಟರ್‌ವ್ಯೂನಲ್ಲಿ ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಸರ್ ಅಂತ ಕೇಳಿ. ಎದುರಿಗೆ ಕೂತಿದ್ದ ನಾನು ಅದಕ್ಕಾಗಿ ಯಾರ ಅಂಕವನ್ನೂ ಕಳೆದಿಲ್ಲ. ಮೊದಲ ರೆಕಾರ್ಡಿಂಗ್ ಅಳಿಸಬೇಡಿ, ಒಂದು ತಿಂಗಳ ನಂತರ ಅದನ್ನೂ ಆ ದಿನದ್ದನ್ನೂ ಒಟ್ಟಿಗೆ ಕೇಳಿ ನನಗೆ ಬರೆಯಿರಿ.