ಬಾಡಿಗೆ ಮನೆಯಲ್ಲಿ ಹಾಡು ರೆಕಾರ್ಡ್ ಮಾಡಲು ₹10,000 ಒಳಗೆ ಎಲ್ಲದಕ್ಕೂ ಆಗುವ ಕಂಡೆನ್ಸರ್ ಮೈಕ್ ಯಾವುದು?

ಪುಣೆಯಲ್ಲಿ ಬಾಡಿಗೆ ಮನೆ, ಕೈಯಲ್ಲಿ ₹10,000, ಹಾಡು-ಗಿಟಾರ್-ಹಾರ್ಮೋನಿಯಂ ಮೂರಕ್ಕೂ ಒಂದೇ ಕಂಡೆನ್ಸರ್ ಬೇಕು, ಯಾಕಂದರೆ ಆ ಬಗೆಯ ಮೈಕ್ 'ಜಾಸ್ತಿ ಸೂಕ್ಷ್ಮ' ಅಂತ ಬರೆದಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಆರು ವರ್ಷದ ಹಿಂದೆ ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ನಿಂತು ನಾನು ಕೇಳಿದ್ದೂ ಇದನ್ನೇ. ನಿಮ್ಮ ಹಾರ್ಮೋನಿಯಂ ಜಾಗದಲ್ಲಿ ನನಗೆ ಅವ್ವ ಇದ್ದಳು, ಅಷ್ಟೇ ವ್ಯತ್ಯಾಸ.

ಅವ್ವ ಗದಗಿನ ಕಡೆಯವಳು. ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಎಲ್ಲಾ ಬಾಯಲ್ಲೇ ಇವೆ, ಎಲ್ಲೂ ಬರೆದಿಟ್ಟಿಲ್ಲ. ಎರಡು ತಿಂಗಳ ಮಟ್ಟಿಗೆ ನಮ್ಮ ಮುಲುಂಡ್ ಮನೆಗೆ ಬರುವವಳಿದ್ದಳು. ಅಷ್ಟರೊಳಗೆ ಮೈಕ್ ತಂದಿಡಬೇಕು ಅಂತ ನನ್ನ ಗಡಿಬಿಡಿ. ₹9,000 ಕೊಟ್ಟು ದಪ್ಪನೆಯ ಕಪ್ಪು ಕಂಡೆನ್ಸರ್ ತಂದೆ. ರಬ್ಬರ್ ಎಳೆಗಳ ತೊಟ್ಟಿಲಲ್ಲಿ ಕೂರುತ್ತಲ್ಲ, ಅಂಥದ್ದು. ಅವ್ವ ಅದನ್ನು ನೋಡಿ, "ಈ ಬದನೀಕಾಯಿ ಮುಂದ ಕುಂತು ಹಾಡಬೇಕೇನು?" ಅಂದಳು.

ನಾಲ್ಕು ಮಧ್ಯಾಹ್ನ, 11 ಪದ. ಫ್ಯಾನ್ ಬಂದ್, ಕುಕ್ಕರ್ ಬಂದ್, ಮಕ್ಕಳು ಪಕ್ಕದ ಮನೆಗೆ. ಅವ್ವ ಬೆವರು ಒರೆಸಿಕೊಳ್ಳುತ್ತಾ ಹಾಡಿದಳು. ಹೆಡ್‌ಫೋನಿನಲ್ಲಿ ದನಿ ಸಣ್ಣಗೆ ಬರುತ್ತಿತ್ತು. ಗೇನ್, ಅಂದರೆ ಮೈಕಿನ ದನಿ ಹಿಗ್ಗಿಸುವ ಗುಂಡಿ, ಏರಿಸಿದೆ. ಆಗಲೂ ಸಣ್ಣಗೆ. ಇನ್ನೂ ಏರಿಸಿದೆ. ಕೊನೆಗೆ ಕೇಳಿದ್ದೇನು ಅಂದರೆ, ಅವ್ವ ಬಾವಿಯೊಳಗೆ ಇಳಿದು ಹಾಡಿದಂತೆ, ಸೆಂಟ್ರಲ್ ಲೈನಿನ ಲೋಕಲ್ ಮಾತ್ರ ನಮ್ಮ ಹಾಲ್ ಒಳಗೇ ಓಡಿದಂತೆ. ಕೆಳಗಿನ ಭಾಜಿವಾಲಾ 'ಮೇಥಿ, ಪಾಲಕ್' ಅನ್ನುವುದು ಪದಕ್ಕಿಂತ ಸ್ಪಷ್ಟ.

ಮೈಕ್ ಸರಿ ಇಲ್ಲ ಅಂತ ತೀರ್ಮಾನ ಮಾಡಿದೆ. ಅವ್ವ ಊರಿಗೆ ಹೋದಳು. ನಾನು ಮೈಕ್ ಮಾರಾಟಕ್ಕಿಟ್ಟೆ, ₹4,500ಕ್ಕೆ.

ಕೊಳ್ಳಲು ಬಂದವನು ಠಾಣೆಯ ಕಾಲೇಜು ಹುಡುಗ. ದುಡ್ಡು ಮೊದಲೇ ಫೋನಿನಲ್ಲಿ ಹಾಕಿದ್ದ. ಒಮ್ಮೆ ಚೆಕ್ ಮಾಡ್ತೀನಿ ಅಂದ. ಸ್ಟ್ಯಾಂಡ್ ಇನ್ನೂ ಅವ್ವ ಕೂತಿದ್ದ ಜಾಗದಲ್ಲೇ ಇತ್ತು. ಹೆಡ್‌ಫೋನ್ ಹಾಕಿಕೊಂಡು "ಹಲೋ, ಹಲೋ" ಅಂದ, ಹುಬ್ಬು ಗಂಟಿಕ್ಕಿದ. ಆಮೇಲೆ ಎರಡು ಬೆರಳಲ್ಲಿ ಮೈಕನ್ನು ಹಿಡಿದು, ಬಾಟಲಿ ತಿರುಗಿಸಿದಂತೆ ಅರ್ಧ ಸುತ್ತು ತಿರುಗಿಸಿದ. "ಕಾಕಾ, ಹೇ ಉಲ್ಟಂ ಆಹೆ." ಕಾಕಾ, ಇದು ಉಲ್ಟಾ ಇದೆ ಅಂತ. ಹೆಡ್‌ಫೋನ್ ನನ್ನ ಕಿವಿಗೆ ಕೊಟ್ಟ. ಅವನ ಉಸಿರು ಕೂಡ ಕೇಳುತ್ತಿತ್ತು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ನನಗೆ ಯಾರೂ ಹೇಳಿರಲಿಲ್ಲ. ಇಂಥ ದಪ್ಪ ಕಂಡೆನ್ಸರ್‌ಗೆ ತುದಿಯಲ್ಲಿ ಹಾಡುವುದಲ್ಲ, ಪಕ್ಕದಲ್ಲಿ ಹಾಡಬೇಕು. ಅದು ನನಗೆ ಗೊತ್ತಿತ್ತು. ಆದರೆ ಪಕ್ಕದಲ್ಲೂ ಮುಂದು ಹಿಂದು ಇರುತ್ತದೆ. ಸಾಮಾನ್ಯವಾಗಿ ಕಂಪನಿ ಹೆಸರೋ, ಹೃದಯದಾಕಾರದ ಸಣ್ಣ ಗುರುತೋ ಇರುವ ಬದಿಯೇ ಮುಂದು. ನಾನು ಮಾಡಿದ್ದೇನು? ಫೋನಿನಲ್ಲಿ ವಿಡಿಯೋನೂ ತೆಗೆಯುತ್ತಿದ್ದೆ. ಕಂಪನಿ ಹೆಸರು ಚೆನ್ನಾಗಿ ಕಾಣಲಿ ಅಂತ ಅದನ್ನು ಕ್ಯಾಮೆರಾ ಕಡೆ ತಿರುಗಿಸಿದ್ದೆ. ಶೋಕಿ! ಕ್ಯಾಮೆರಾ ಹಿಂದೆ ಕಿಟಕಿ, ಕಿಟಕಿ ಆಚೆ ರೈಲು ಹಳಿ. ಅಂದರೆ ₹9,000 ಮೈಕನ್ನು ರೈಲಿಗೆ ಮುಖ ಮಾಡಿಸಿ, ಅದರ ಬೆನ್ನಿಗೆ ಅವ್ವನನ್ನು ಕೂರಿಸಿದ್ದೆ.

ಆ ಹೃದಯದ ಗುರುತಿನ ಮೈಕಿಗೆ ಕಾರ್ಡಿಯಾಯ್ಡ್ ಅಂತಾರೆ, ಅದನ್ನು ಮಾಡಿರುವುದೇ ಬೆನ್ನ ಹಿಂದಿನದನ್ನು ಕೇಳದಿರಲಿ ಅಂತ. ಹಿಂದಿನಿಂದ ಬಂದ ದನಿ ಡಯಾಫ್ರಾಮಿನ (ದನಿಗೆ ಅದುರುವ ತೆಳು ಪೊರೆಯ) ಎರಡೂ ಬದಿಗೆ ಒಟ್ಟಿಗೆ ತಲುಪಿ ಒಂದನ್ನೊಂದು ಹೊಡೆದುಹಾಕುತ್ತದೆ. ಅಲ್ಲಿ ದನಿ 20 ಡೆಸಿಬೆಲ್ ಕಡಿಮೆಯಾದರೆ ಮೈಕ್ ಕೊಡುವ ವೋಲ್ಟೇಜ್ ಹತ್ತರಲ್ಲಿ ಒಂದಕ್ಕೆ ಇಳಿದ ಹಾಗೆ. ನನಗೆ ಕೇಳಿದ್ದರಲ್ಲಿ ಅವ್ವನ ಬಾಯಿಂದ ನೇರ ಬಂದ ದನಿ ಕಮ್ಮಿ. ಹೆಚ್ಚಿನದು ಎದುರಿನ ಗೋಡೆಗೆ ಬಡಿದು ವಾಪಸ್ ಬಂದದ್ದು. ಬಾವಿ ಅನ್ನಿಸಿದ್ದು ಅದಕ್ಕೇ. ಆ ಸಣ್ಣ ದನಿಗೆ ಗೇನ್ ಏರಿಸಿದಷ್ಟೂ ಕಿಟಕಿ ಆಚೆಯದ್ದೆಲ್ಲ ಜೊತೆಗೆ ಏರಿತು.

ಮೈಕ್ ವಾಪಸ್ ಕೊಡು ಅಂತ ಹುಡುಗನಿಗೆ ಹೇಳಲು ಬಾಯಿ ಬರಲಿಲ್ಲ. ಡಬ್ಬಕ್ಕೆ ಹಾಕಿ ಕೊಟ್ಟೆ. ₹4,500 ಹೋಗಿದ್ದು ಬಿಡಿ. ಮುಂದಿನ ವರ್ಷ ಅವ್ವ ಬಂದಾಗ ಹಲ್ಲಿನ ಸೆಟ್ ಕಟ್ಟಿಸಿಕೊಂಡಿದ್ದಳು. 'ಸ' ಅಂದರೆ ಶಿಳ್ಳೆಯಂತೆ ಬರುತ್ತದೆ. ಮೊದಲಿನ ಬಾಯಿಯ ಆ 11 ಪದ ಈಗಲೂ ನನ್ನ ಹಾರ್ಡ್ ಡಿಸ್ಕಿನಲ್ಲಿ ಬಾವಿಯೊಳಗೇ ಇವೆ.

ಈಗ ನಿಮ್ಮ ಪ್ರಶ್ನೆಗೆ. ನನ್ನ ಪ್ರಕಾರ ಕಂಡೆನ್ಸರ್ ಬೇಕು ಅಂತ ಶುರು ಮಾಡಿದ್ದೇ ತಪ್ಪು. 'ಜಾಸ್ತಿ ಸೂಕ್ಷ್ಮ' ಅಂತ ಬರೆದಿದ್ದೀರಿ. ಸೂಕ್ಷ್ಮ ಇಟ್ಕೊಂಡು ಏನು ಮಾಡ್ತೀರಿ? ಬಾಡಿಗೆ ಮನೆ, ಬರಿಯ ಟೈಲ್ಸ್ ನೆಲ, ಗಣಪತಿ ಹಬ್ಬಕ್ಕೆ ತಿಂಗಳು ಮೊದಲೇ ಢೋಲ್-ತಾಶಾ ಅಭ್ಯಾಸ ಶುರುವಾಗುವ ಊರು. ಶೂರ್ ಎಸ್‌ಎಂ58 ಅಥವಾ ಎಸ್‌ಎಂ57 ತಗೊಳ್ಳಿ. ಎರಡೂ ಡೈನಾಮಿಕ್, ಅಂದರೆ ಕಂಡೆನ್ಸರಿನಷ್ಟು ಸೂಕ್ಷ್ಮ ಅಲ್ಲದ ಬಗೆ. 57 ಬಂದದ್ದು 1965ರಲ್ಲಿ, 58 ಮರುವರ್ಷ. ಒಳಗೆ ದನಿ ಹಿಡಿಯುವ ಕ್ಯಾಪ್ಸೂಲ್ ಹೆಚ್ಚುಕಮ್ಮಿ ಒಂದೇ, ಮೇಲಿನ ಜಾಲರಿ ಬೇರೆ. ಅಮೆರಿಕದ ಅಧ್ಯಕ್ಷರ ಭಾಷಣದ ಮೇಜಿನ ಮೇಲೆ ಜೋಡಿಯಾಗಿ ಕಾಣುವ ಮೈಕ್ 57. ಹಾಡೇ ಜಾಸ್ತಿ ಅಂದರೆ 58, ವಾದ್ಯ ಜಾಸ್ತಿ ಅಂದರೆ 57. ಬೆಲೆ ನಿಮ್ಮ ಬಜೆಟ್ಟಿನ ಅಂಚಿಗೆ ಬರುತ್ತದೆ. ಆದರೆ 58ರ ನಕಲಿಗಳು ಬೇಕಾದಷ್ಟಿವೆ. ಯಾರಾದರೂ ₹1,500ಕ್ಕೆ ಹೊಸದು ಕೊಡ್ತೀನಿ ಅಂದರೆ ಕೈಮುಗಿದು ಬನ್ನಿ. ಬಿಲ್ಲು, ವಾರಂಟಿ ಕೊಡುವ ಅಧಿಕೃತ ಡೀಲರ್ ಹತ್ತಿರವೇ ಕೊಳ್ಳಿ.

ಡೈನಾಮಿಕ್ ಮೈಕಿಗೆ ಗದ್ದಲ ಕೇಳುವುದಿಲ್ಲ ಅಂತ ಹೇಳುವವರ ಮಾತು ನಂಬಬೇಡಿ. ಕೇಳುತ್ತದೆ. ಗುಟ್ಟು ಇರುವುದು ದೂರದಲ್ಲಿ. ಬಾಯಿ ಮತ್ತು ಮೈಕ್ ನಡುವಿನ ದೂರ ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಎರಡು ಅಡಿಯಿಂದ ಮೂರು ಇಂಚಿಗೆ ಬಂದರೆ 18. ರೈಲು ಮಾತ್ರ ಇದ್ದಲ್ಲೇ ಇರುತ್ತದೆ. 58 ಅನ್ನು ತುಟಿಯ ಹತ್ತಿರ ಹಿಡಿದು ಹಾಡಲೆಂದೇ ಮಾಡಿದ್ದಾರೆ, ಹಾಗಾಗಿ ಗೇನ್ ಅಷ್ಟು ಏರಿಸಬೇಕಾಗಿಲ್ಲ. ಹತ್ತಿರ ಬಂದಷ್ಟೂ ದನಿ ದಪ್ಪವಾಗುತ್ತದೆ, ಅದಕ್ಕೆ ಸಾಫ್ಟ್‌ವೇರಿನಲ್ಲಿ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. 'ಪ', 'ಬ' ಹೊಡೆಯುತ್ತಿದ್ದರೆ ಬಾಯಿ ಸ್ವಲ್ಪ ಓರೆ ಮಾಡಿ. ಮುಖ್ಯ ಮಾತು, ತುದಿಯಲ್ಲಿ ಹಾಡುವ ಮೈಕ್ ಇದು. ನನ್ನಂಥವನೂ ಉಲ್ಟಾ ಇಡಲಾರ.

ಗಿಟಾರ್‌ಗೆ 57 ಅನ್ನು ತೂತಿನ ಮುಂದೆ ಇಡಬೇಡಿ, ಬರೀ ಗುಂಯ್ ಅನ್ನುತ್ತದೆ. ಹನ್ನೆರಡನೇ ಫ್ರೆಟ್ ಕಡೆಗೆ, ಒಂದು ಗೇಣು ದೂರ. ಹಾರ್ಮೋನಿಯಂಗೆ ಬೆರಳೊತ್ತುವ ಮನೆಗಳ ಮೇಲಿನಿಂದ ಒಂದಡಿ ಎತ್ತರದಲ್ಲಿ, ತಿದಿಯ ಉಸಿರು ಬೀಳದ ಹಾಗೆ. ಕಂಡೆನ್ಸರಿನಷ್ಟು ತಂತಿಯ ಮಿನುಗು ಇದರಲ್ಲಿ ಬರುವುದಿಲ್ಲ, ಒಪ್ತೀನಿ. ಅದು ಬೇಕಾದಾಗ ಯಾರದ್ದಾದರೂ ಸಾಲ ತನ್ನಿ. ಯುಎಸ್‌ಬಿ ಮೈಕ್ ಬೇಡ, ನಾಳೆ ಎರಡನೇ ಮೈಕ್ ಜೊತೆಗೂಡಿಸಲು ಒದ್ದಾಡ್ತೀರಿ.

ಉಳಿದ ಚಿಲ್ಲರೆಯಲ್ಲಿ ಸ್ಪಾಂಜ್ ಹಾಳೆ ಕೊಳ್ಳಬೇಡಿ. ಮೊಟ್ಟೆ ಟ್ರೇ ಅಂತೂ ಗೋಡೆಗೆ ಅಂಟಿಸಲೇಬೇಡಿ, ದನಿ ತಡೆಯುವುದಿಲ್ಲ, ಬೆಂಕಿ ಬೇಗ ಹಿಡಿಯುತ್ತದೆ. ಊರಿಂದ ಒಂದು ಕೌದಿ ತರಿಸಿ. ಹಳೇ ಸೀರೆ ಏಳೆಂಟು ಪದರ ಹಾಕಿ ಹೊಲಿದದ್ದಕ್ಕೆ ಸಮ ಯಾವುದೂ ಇಲ್ಲ. ಅದನ್ನು ಮೈಕಿನ ಹಿಂದೆ ಅಲ್ಲ, ನಿಮ್ಮ ಬೆನ್ನ ಹಿಂದೆ ತೂಗುಹಾಕಿ. ಮೈಕಿಗೆ ಮುಂದೆ ಕಾಣುವುದು ನೀವು ಮತ್ತು ನಿಮ್ಮ ಹಿಂದಿನ ಗೋಡೆ, ಅಲ್ವಾ? ಮೈಕಿನ ಬೆನ್ನು ಕಿಟಕಿ ಕಡೆಗಿರಲಿ. ನನ್ನದಕ್ಕೆ ಸರಿಯಾಗಿ ತದ್ವಿರುದ್ಧ.

ಹಲ್ಲಿನ ಸೆಟ್ ಬಂದ ಮೇಲೂ ಅವ್ವನ ಕೈಲಿ ಹಾಡಿಸಿದೆ. 58 ಕೈಗೆ ಕೊಟ್ಟಾಗ ಬೆರಳಲ್ಲಿ ಟಕ್ ಟಕ್ ಬಡಿದು, "ಇದು ನೋಡು ಖರೇ ಮೈಕು" ಅಂದಳು.

ಒಂದು ವಿಷಯ ನೀವು ಬರೆದೇ ಇಲ್ಲ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಯಾವುದಿದೆ? 57, 58 ಎರಡೂ ದನಿ ಸಣ್ಣಗೆ ಕೊಡುವ ಮೈಕುಗಳು. ಮೆಲ್ಲಗೆ ಹಾಡುವವರಿಗೆ 55ರಿಂದ 60 ಡೆಸಿಬೆಲ್ ಗೇನ್ ಬೇಕಾಗುತ್ತದೆ. ಅಗ್ಗದ ಇಂಟರ್‌ಫೇಸುಗಳು ಅಷ್ಟಕ್ಕೆ ಬುಸ್ ಅನ್ನುತ್ತವೆ. ಇನ್ನೂ ಕೊಂಡೇ ಇಲ್ಲ ಅಂದರೆ ಹೇಳಿ, ₹10,000 ಲೆಕ್ಕವನ್ನೇ ಮತ್ತೆ ಹಾಕಬೇಕಾಗುತ್ತದೆ.