ಏಳು ದಿನದ ಹಾಲಿನ ಲೆಕ್ಕ

ಓದುಗರ ಪತ್ರ: ಹಾಲಿನಲ್ಲಿ ಆ್ಯಂಟಿಬಯೋಟಿಕ್ ಉಳಿಕೆ ಕಂಡುಬಂದರೆ, ಆ ಹಾಲು ಹಾಕಿದ ರೈತರನ್ನು ಕಲಬೆರಕೆ ಮಾಡುವವರಂತೆಯೇ ಜೈಲಿಗೆ ಕಳಿಸಬೇಕು. (ಬೆಂಗಳೂರಿನ ಓದುಗರೊಬ್ಬರು)

ಸಂಪಾದಕರ ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದೇ. ಈ ಔಷಧಗಳಲ್ಲಿ ಹೆಚ್ಚಿನವು ಹಾಲು ಕಾಯಿಸಿದರೂ ನಾಶವಾಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಮಾದರಿಗಳನ್ನು ಪರೀಕ್ಷಿಸಿದಾಗ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ, ಮಿತಿ ಮೀರಿದ ಆ್ಯಂಟಿಬಯೋಟಿಕ್ ಸಿಕ್ಕಿದ್ದು 77ರಲ್ಲಿ. ನಾವೆಲ್ಲ ಯೂರಿಯಾ, ಸೋಪಿನ ಪುಡಿ ಎಂದು ಹೆದರುತ್ತಿದ್ದಾಗ ಈ ಸಂಗತಿ ಸದ್ದಿಲ್ಲದೆ ಉಳಿದುಹೋಯಿತು. ಪರೀಕ್ಷೆ ಬೇಕೇ ಬೇಕು.

ಆದರೆ ಜೈಲಿನ ಮಾತನ್ನು ನಾನು ಒಪ್ಪಲಾರೆ. ಕಲಬೆರಕೆ ಮಾಡುವವನು ಲಾಭಕ್ಕಾಗಿ ಮಾಡುತ್ತಾನೆ; ಕೆಚ್ಚಲು ಬಾವು ಬಂದ ಹಸುವಿಗೆ ಔಷಧ ಕೊಡಿಸುವವಳು ಹಸುವನ್ನು ಉಳಿಸಿಕೊಳ್ಳಲು ಕೊಡಿಸುತ್ತಾಳೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೀರಿ, ಅದು ಸರಿಯಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮೂರಿಗೆ ಹೋಗಿದ್ದಾಗ ಪಕ್ಕದ ಮನೆಯ ಹೆಣ್ಣುಮಗಳು ಹೆಬ್ಬೆರಳಿನಷ್ಟು ಚಿಕ್ಕ ಔಷಧದ ಶೀಶೆಯೊಂದನ್ನು ತಂದು ಓದಿ ಹೇಳಲು ಕೇಳಿಕೊಂಡರು. ಕೊಟ್ಟಿಗೆಯ ಬಾಗಿಲಿನ ಬೆಳಕಿಗೆ ಹಿಡಿದು, ಕನ್ನಡಕ ಒರೆಸಿಕೊಂಡು ನೋಡಿದರೂ ಇಂಗ್ಲಿಷಿನ ಆ ಸಣ್ಣಕ್ಷರಗಳು ನನಗೇ ಸರಿಯಾಗಿ ಕಾಣಲಿಲ್ಲ. ಇಂಜೆಕ್ಷನ್ ಹಾಕಿದವರು ಎಷ್ಟು ದಿನ ಹಾಲು ಹಾಕಬಾರದೆಂದು ಹೇಳಿರಲಿಲ್ಲ. ಔಷಧದ ಶೀಶೆಗೆ ಅಂಟಿಸಿದ ಚೀಟಿಯಲ್ಲಿ ಈ ಅವಧಿಯನ್ನು ನಮೂದಿಸಬೇಕೆಂದೂ, ಪರೀಕ್ಷೆಯಿಂದ ಅದು ನಿಗದಿಯಾಗಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಎಂದು ಹಿಡಿಯಬೇಕೆಂದೂ 2012ರಿಂದಲೇ ನಿಯಮವಿದೆ. ಅದನ್ನು ಹೇಳಿದಾಗ ಆಕೆ, "ಏಳು ದಿನದ ಹಾಲು ಚೆಲ್ಲಿದ್ರೆ ಹಸುವಿನ ಸಾಲದ ಕಂತು ಯಾರು ಕಟ್ತಾರೆ ಸ್ವಾಮಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಒಂದು ಹಸುವಿನ ಹಾಲು ಡೇರಿಯ ಕ್ಯಾನಿಗೆ ಬಿದ್ದರೆ ಇಡೀ ಕ್ಯಾನು ಕೆಡಬಹುದು, ಹೆಪ್ಪು ಹಾಕಿದರೆ ಮೊಸರು ಕೂಡ ಸರಿಯಾಗಿ ಕಟ್ಟದಿರಬಹುದು. ಹಾಲಿನಲ್ಲಿ ಆ್ಯಂಟಿಬಯೋಟಿಕ್ ಇದೆಯೇ ಎಂದು ಕೆಲವೇ ನಿಮಿಷಗಳಲ್ಲಿ ತೋರಿಸುವ ಪರೀಕ್ಷಾ ಪಟ್ಟಿಗಳು ಇಂದು ಸಿಗುತ್ತವೆ. ಅವು ಫ್ಯಾಟ್ ಅಳೆಯುವ ಯಂತ್ರದ ಪಕ್ಕದಲ್ಲೇ ಇರಲಿ. ಆದರೆ "ನನ್ನ ಹಸುವಿಗೆ ಔಷಧ ಕೊಡಿಸಿದ್ದೇನೆ" ಎಂದು ಮುಂಚೆಯೇ ಹೇಳಿದವರ ಹಾಲನ್ನು ಬೇರೆಯಾಗಿ ಅಳೆದು, ಹಣ ಕೊಟ್ಟು, ಚೆಲ್ಲುವ ಏರ್ಪಾಡೂ ಜೊತೆಗಿರಲಿ. ಇಲ್ಲವಾದರೆ ಜೈಲಿಗೆ ಹೆದರಿದವರು ಔಷಧದ ವಿಷಯವನ್ನೇ ಮುಚ್ಚಿಡುತ್ತಾರೆ.

ನಾಡಿನ ಹಾಲು ಕರೆಯುವ ಕೈಗಳಿಗೆ ಮಾರುವ ಔಷಧದ ಮೇಲೆ ನಾಲ್ಕು ಸಾಲು ಕನ್ನಡ ಮುದ್ರಿಸಲು ನಮಗೆ ಇನ್ನೂ ಆಗಿಲ್ಲ. ನಿಮ್ಮ ಸಿಟ್ಟಿನಲ್ಲಿ ಒಂದಿಷ್ಟನ್ನು ಅತ್ತ ತಿರುಗಿಸಿ. ಆ ಏಳು ದಿನದ ಹಾಲಿನ ಬೆಲೆಗಾಗಿ ಲೀಟರಿಗೆ ಎಷ್ಟು ಪೈಸೆ ಹೆಚ್ಚು ಕೊಡಬಲ್ಲಿರಿ ಎಂಬುದನ್ನು ಮುಂದಿನ ಪತ್ರದಲ್ಲಿ ತಿಳಿಸಿ, ಖಂಡಿತ ಪ್ರಕಟಿಸುತ್ತೇನೆ.