ಜಾಲತಾಣಕ್ಕೆ ಫಾಂಟ್ ಆರಿಸುವ ಮುನ್ನ

ಪ್ರಶ್ನೆ: ಕನ್ನಡ ಕಥೆ, ಕವಿತೆಗಳಿಗಾಗಿ ಜಾಲತಾಣವೊಂದನ್ನು ರೂಪಿಸುತ್ತಿದ್ದೇನೆ. ನಾನು ಆರಿಸಿದ ಫಾಂಟ್ ನನ್ನ ಕಂಪ್ಯೂಟರಿನಲ್ಲಿ ಸೊಗಸಾಗಿ ಕಾಣುತ್ತದೆ. ಗೆಳೆಯರ ಮೊಬೈಲಿನಲ್ಲಿ ಅದೇ ಪುಟ ಬೇರೆಯೇ ಅಕ್ಷರಗಳಲ್ಲಿ ತೆರೆದುಕೊಳ್ಳುತ್ತದೆ. ತಪ್ಪು ಎಲ್ಲಿದೆ? ಒಳ್ಳೆಯ ಫಾಂಟುಗಳು ಎಲ್ಲಿ ಸಿಗುತ್ತವೆ?

ಉತ್ತರ: ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ ಸಂಕೇತದಲ್ಲಿ ನೀವು ಬರೆದಿರುವುದು ಫಾಂಟಿನ ಹೆಸರನ್ನು ಮಾತ್ರ ಎಂದು ತೋರುತ್ತದೆ. ಆ ಹೆಸರಿನ ಫಾಂಟ್ ಓದುಗರ ಮೊಬೈಲಿನಲ್ಲಿ ಇಲ್ಲದಿದ್ದರೆ, ಬ್ರೌಸರ್ ತನಗೆ ಸಿಕ್ಕ ಇನ್ನೊಂದು ಕನ್ನಡ ಫಾಂಟಿನಲ್ಲಿ ಪುಟವನ್ನು ತೋರಿಸಿಬಿಡುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಅದು ಮೊದಲೇ ಇದ್ದುದರಿಂದ ಕೊರತೆ ನಿಮ್ಮ ಗಮನಕ್ಕೆ ಬಂದಿಲ್ಲ. ಫಾಂಟಿನ ಕಡತವನ್ನೇ ತಾಣದಲ್ಲಿಟ್ಟು, ‘ಫಾಂಟ್-ಫೇಸ್’ ನಿಯಮದ ಮೂಲಕ ಅದು ಇರುವ ಜಾಗವನ್ನು ಬ್ರೌಸರಿಗೆ ತಿಳಿಸಬೇಕು. ಕಡತ ಡಬ್ಲ್ಯುಒಎಫ್‌ಎಫ್2 (WOFF2) ರೂಪದಲ್ಲಿರಲಿ; ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಅಂಗೀಕರಿಸಿದ ಈ ರೂಪದಲ್ಲಿ ಕಡತದ ಗಾತ್ರ ಸಾಕಷ್ಟು ತಗ್ಗುತ್ತದೆ. ‘ಫಾಂಟ್-ಡಿಸ್‌ಪ್ಲೇ’ಗೆ ‘ಸ್ವಾಪ್’ ಎಂದು ಕೊಟ್ಟರೆ, ಫಾಂಟ್ ಇಳಿದು ಬರುವವರೆಗೂ ಓದುಗರು ಖಾಲಿ ಪುಟವನ್ನು ನೋಡುತ್ತ ಕೂರಬೇಕಾಗುವುದಿಲ್ಲ.

ಹುಡುಕಲು ಗೂಗಲ್ ಫಾಂಟ್ಸ್ ಒಳ್ಳೆಯ ಜಾಗ. ಅಲ್ಲಿ ಕನ್ನಡವನ್ನು ಆರಿಸಿಕೊಂಡರೆ ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2 ಮುಂತಾದವು ಸಿಗುತ್ತವೆ. ದುಂಡಗೆ ತುಂಬಿಕೊಂಡಿರುವ ಬಾಲೂ ತಮ್ಮ ಶೀರ್ಷಿಕೆಗೆ ಚೆನ್ನ, ಉದ್ದನೆಯ ಕಥೆಗೆ ಅಲ್ಲ. ಆದರೆ ಅಲ್ಲಿನ ಮಾದರಿ ವಾಕ್ಯವನ್ನು ನೋಡಿ ಮರುಳಾಗಬೇಡಿ. ‘ರಾಷ್ಟ್ರ’, ‘ಸ್ತ್ರೀ’, ‘ಧರ್ಮ’, ‘ಕೃತ್ಸ್ನ’ ಎಂಬಂಥ ಪದಗಳನ್ನು ನೀವೇ ಟೈಪಿಸಿ, ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿ ಕೂತಿವೆಯೇ, ಅರ್ಕಾವತ್ತು ಸರಿಯಾಗಿ ಮೂಡಿದೆಯೇ ಎಂದು ಪರೀಕ್ಷಿಸಿ. ಬಳಿಕ ಅದೇ ಪದಗಳನ್ನು ಒಂದರ ಕೆಳಗೊಂದು ಸಾಲುಗಳಲ್ಲಿಟ್ಟು ನೋಡಿ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರದಲ್ಲಿ, ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಣಿತ ಚಿಹ್ನೆಗಳಿಗೆ ತಾಗುವುದುಂಟು. ಅಂತರವನ್ನು ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು ಇಡುವುದು ಕಣ್ಣಿಗೆ ಹಿತ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ತಿರೋ ಕನ್ನಡದಂತೆ ದಪ್ಪಕ್ಷರದ ಪ್ರತ್ಯೇಕ ಕಡತವಿಲ್ಲದ ಫಾಂಟಿಗೆ ‘ಬೋಲ್ಡ್’ ಎಂದು ಕೊಟ್ಟರೆ, ಬ್ರೌಸರ್ ಇದ್ದ ಗೆರೆಗಳನ್ನೇ ಉಬ್ಬಿಸಿ ಹುಸಿ ದಪ್ಪವನ್ನು ಸೃಷ್ಟಿಸುತ್ತದೆ. ಆಗ ಸಣ್ಣ ಅಳತೆಯಲ್ಲಿ ‘ಧ’ಕಾರದ ಹೊಟ್ಟೆಯ ಸೀಳು ಮುಚ್ಚಿಹೋಗಿ ಅದು ‘ದ’ಕಾರದಂತೆ ಕಾಣಬಹುದು. ‘ಧನ’ ‘ದನ’ವಾಗುವ ಈ ಅನಾಹುತವನ್ನು ಯಾವ ವಿನ್ಯಾಸದ ಚೆಲುವೂ ಸರಿದೂಗಿಸಲಾರದು. ಶೀರ್ಷಿಕೆಗೆ ದಪ್ಪಕ್ಷರ ಬೇಕೆಂದಿದ್ದರೆ ನೋಟೊ ಅಥವಾ ಅನೇಕ್‌ನಂತೆ ಹಲವು ತೂಕಗಳಲ್ಲಿ, ಅಂದರೆ ಗೆರೆಯ ಬೇರೆ ಬೇರೆ ದಪ್ಪಗಳಲ್ಲಿ, ಸಿಗುವ ಫಾಂಟನ್ನೇ ಆರಿಸಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಮೊದಲೇ ಇರುವ ಫಾಂಟನ್ನು ತಾಣಕ್ಕೆ ಏರಿಸಬಹುದೇ?

ಉತ್ತರ: ಪರವಾನಗಿಯನ್ನು ಓದದೆ ಏರಿಸಬೇಡಿ. ಕಾರ್ಯಾಚರಣ ವ್ಯವಸ್ಥೆಯ ಜೊತೆ ಬರುವ ಫಾಂಟುಗಳನ್ನು ಆ ಕಂಪ್ಯೂಟರಿನಲ್ಲಿ ಬಳಸಲು ಅನುಮತಿ ಇರುತ್ತದೆಯೇ ಹೊರತು, ಜಾಲತಾಣದ ಮೂಲಕ ಹಂಚಲು ಸಾಮಾನ್ಯವಾಗಿ ಇರುವುದಿಲ್ಲ. ಮೇಲೆ ಹೆಸರಿಸಿದ ಫಾಂಟುಗಳು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿವೆ. ವಾಣಿಜ್ಯ ತಾಣಗಳಲ್ಲೂ ಬಳಸಬಹುದು, ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಕಡತದ ಜೊತೆಗೆ ಪರವಾನಗಿಯ ಪಠ್ಯವನ್ನೂ ಇರಿಸಿಕೊಳ್ಳಿ.